ಜರ್ಮನಿಯ ವೀಸಾ, ಜ್ಯೂರಿಕ್‌ಗೆ ಟಿಕೆಟ್: ಸ್ವಿಟ್ಜರ್ಲೆಂಡ್ ದಾಟಿ ಗಂಡನ ಊರು ಸೇರಬಹುದೇ?

ಗೋಣಿಕೊಪ್ಪಲಿನವಳು

ಎಲ್ಲರಿಗೂ ನಮಸ್ಕಾರ. ಕರೆಂಟು ಇರುವಾಗಲೇ ಬರೆದು ಮುಗಿಸಬೇಕು, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಮದುವೆ ಏಪ್ರಿಲ್‌ನಲ್ಲಿ ಆಯಿತು. ಗಂಡ ಜರ್ಮನಿಯ ಕೊನ್‌ಸ್ಟಾಂಜ್ ಎಂಬ ಊರಿನಲ್ಲಿ ಎಂಜಿನಿಯರ್, ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಅಲ್ಲಿ ಕೊಡುವ ನಿವಾಸದ ಅನುಮತಿ) ಇದೆ. ರಜೆ ತೀರಿದ ಮೇಲೆ ಅವರು ಹೊರಟರು, ನಾನು ವೀಸಾಕ್ಕಾಗಿ ಉಳಿದೆ. ಈಗ ವೀಸಾ ಬಂದಿದೆ. ಸೆಪ್ಟೆಂಬರ್ 1ರಿಂದ ಸಲ್ಲುತ್ತದೆ. ಸೆಪ್ಟೆಂಬರ್ ಮೊದಲ ವಾರದ ನಮ್ಮ ಕೈಲ್‌ಪೊಳ್ದ್ ಹಬ್ಬ ಮುಗಿಸಿಕೊಂಡು ಹೋಗು ಎಂದು ಮನೆಯಲ್ಲಿ ಹೇಳಿರುವುದರಿಂದ ಆ ವಾರದ ಕೊನೆಗೆ ಟಿಕೆಟ್ ನೋಡುತ್ತಿದ್ದೇವೆ.

ಸಮಸ್ಯೆ ಇಷ್ಟು. ಕೊನ್‌ಸ್ಟಾಂಜ್ ಇರುವುದು ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿಗೆ ತಾಗಿಕೊಂಡು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ಅಲ್ಲಿಂದ ರೈಲು ಬದಲಿಸಿಕೊಂಡು ನಾಲ್ಕೈದು ಗಂಟೆ ಪ್ರಯಾಣ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇಳಿದರೆ ಒಂದೇ ರೈಲು, ಹೆಚ್ಚುಕಡಿಮೆ ಒಂದು ಗಂಟೆ. ಗಂಡ ‘ಜ್ಯೂರಿಕ್‌ಗೇ ಬಾ, ಬೇರೇನೂ ಬೇಕಾಗಿಲ್ಲ’ ಎನ್ನುತ್ತಾರೆ. ಆದರೆ ನನ್ನ ಪಾಸ್‌ಪೋರ್ಟಿಗೆ ಅಂಟಿಸಿರುವ ವೀಸಾದಲ್ಲಿ, ಯಾವ ದೇಶಕ್ಕೆ ಸಲ್ಲುತ್ತದೆ ಎಂಬ ಸಾಲಿನ ಎದುರು ‘ಡಾಯ್ಚ್‌ಲಾಂಡ್’ ಎಂದಷ್ಟೇ ಇದೆ. ವಿಧ ‘ಡಿ’, ಅಂದರೆ ದೀರ್ಘಾವಧಿಯದು. ಸ್ವಿಟ್ಜರ್ಲೆಂಡಿನ ಹೆಸರು ಎಲ್ಲಿಯೂ ಇಲ್ಲ. ಮೈಸೂರಿನಲ್ಲಿ ಟಿಕೆಟ್ ಮಾಡಿಸುವವರೊಬ್ಬರು ‘ಸ್ವಿಸ್ ವೀಸಾ ಬೇರೆಯೇ ತೆಗೆಯಬೇಕು’ ಎಂದರು. ನಮ್ಮ ಮಾವ, ಅಂದರೆ ಗಂಡನ ತಂದೆ, ‘ನೆರೆಮನೆಯ ಅಂಗಳ ದಾಟಿ ನಮ್ಮ ಮನೆಗೆ ಬರುವುದೇಕೆ, ನೇರ ಜರ್ಮನಿಗೇ ಹೋಗಲಿ’ ಎಂದು ಪಟ್ಟು ಹಿಡಿದಿದ್ದಾರೆ.

ನಾನು ಈವರೆಗೆ ದೇಶದ ಹೊರಗೆ ಕಾಲಿಟ್ಟವಳಲ್ಲ. ಕೌಂಟರಿನಲ್ಲಿ ನಿಂತು ಉತ್ತರ ಹೇಳಬೇಕಾದವಳು ನಾನು, ಗಂಡ ಅಲ್ಲ. ಪ್ರತಿಯೊಂದು ಸಂದೇಹಕ್ಕೂ ಅವರಿಗೆ ಕರೆ ಮಾಡೋಣ ಎಂದರೆ ಈ ಮಳೆಯಲ್ಲಿ ಮೊಬೈಲ್ ಟವರೂ ಕೈಕೊಡುತ್ತದೆ. ಆ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸ್ವಿಸ್ ಅಧಿಕಾರಿಗಳು ಏನು ಕೇಳುತ್ತಾರೆ? ಅಮ್ಮ ಕಾಫಿ ಪುಡಿ, ಕರಿಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ರಸ), ಹಂದಿ ಮಾಂಸದ ಉಪ್ಪಿನಕಾಯಿ ಎಲ್ಲವನ್ನೂ ಕಟ್ಟಿಡುತ್ತಿದ್ದಾರೆ. ಎರಡು ದೇಶ ದಾಟುವಾಗ ಇದಕ್ಕೆಲ್ಲ ತೊಂದರೆಯಾಗುತ್ತದೆಯೇ?

ಹಾರಂಗಿ ದಂಡೆ

ಮೈಸೂರಿನವರು ಹೇಳಿದ್ದೇ ಸರಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ. ಅವರ ಹಣವೂ ಯೂರೋ ಅಲ್ಲ, ಫ್ರಾಂಕ್. ಒಕ್ಕೂಟದ ಹೊರಗಿನ ದೇಶ ಎಂದ ಮೇಲೆ ಜರ್ಮನಿಯ ವೀಸಾ ಅಲ್ಲಿ ಹೇಗೆ ನಡೆದೀತು? ಮೊದಲ ಪ್ರಯಾಣ ಬೇರೆ. ಫ್ರಾಂಕ್‌ಫರ್ಟ್‌ಗೆ ಹೋಗಿ, ಗಂಡನೇ ಬಂದು ಕರೆದುಕೊಂಡು ಹೋಗಲಿ. ಹೆಣ್ಣುಮಗಳು ಒಂಟಿಯಾಗಿ ಎರಡು ದೇಶದ ಗಡಿ ದಾಟುವುದು ಬೇಡ.

ಮಕ್ಕಂದೂರಿನ ಅಕ್ಕ

ತಂಗಿ, ನಿಮ್ಮ ಪತಿ ಹೇಳಿದ್ದು ಸರಿ. ಸ್ವಿಸ್ ವೀಸಾ ಬೇಕಾಗಿಲ್ಲ. ಆದರೆ ‘ಬೇರೇನೂ ಬೇಕಾಗಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದದ್ದು ಸಾಕಷ್ಟಿದೆ, ಅದು ನಿಮ್ಮ ಕೈಯಲ್ಲಿಯೇ ಇರಬೇಕು. ನಾನು ಈಗ ಸಿಂಗನ್‌ನಲ್ಲಿದ್ದೇನೆ, ಕೊನ್‌ಸ್ಟಾಂಜ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಮದುವೆಯಾದ ಮೇಲೆ ನಾನೂ ಇಂಥದೇ ಡಿ ವೀಸಾದಲ್ಲಿ ಜ್ಯೂರಿಕ್ ಮೂಲಕವೇ ಬಂದವಳು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಹಾರಂಗಿ ದಂಡೆಯವರೇ, ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ ಎಂಬುದು ನಿಜ. ಆದರೆ ಗಡಿ ದಾಟುವಾಗ ಲೆಕ್ಕಕ್ಕೆ ಬರುವುದು ಒಕ್ಕೂಟವಲ್ಲ, ಷೆಂಗೆನ್ ಒಪ್ಪಂದ, ಅಂದರೆ ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಬೇಡ ಎಂದು ಯುರೋಪಿನ ದೇಶಗಳು ಮಾಡಿಕೊಂಡದ್ದು. ಸ್ವಿಟ್ಜರ್ಲೆಂಡ್ 2008ರ ಡಿಸೆಂಬರ್‌ನಲ್ಲಿ ಅದರೊಳಗೆ ಬಂತು. ಅಲ್ಲಿನ ವಿಮಾನ ನಿಲ್ದಾಣಗಳಿಗೆ ಅದು ಅನ್ವಯವಾದದ್ದು 2009ರ ಮಾರ್ಚ್‌ನಲ್ಲಿ. ಆಮೇಲೆ 2010ರಲ್ಲಿ ನಿಯಮವನ್ನು ತಿದ್ದಿದರು. ಒಂದು ಷೆಂಗೆನ್ ದೇಶ ಕೊಟ್ಟ ಡಿ ವೀಸಾ ಇದ್ದವರು ಉಳಿದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಗಳವರೆಗೆ ಓಡಾಡಬಹುದು. ವೀಸಾ ಕೊಟ್ಟ ದೇಶವನ್ನು ಸೇರುವುದಕ್ಕಾಗಿ ಮತ್ತೊಂದು ಷೆಂಗೆನ್ ದೇಶವನ್ನು ಹಾದುಹೋಗುವುದಕ್ಕೂ ಗಡಿ ನಿಯಮದಲ್ಲಿ ಅವಕಾಶವಿದೆ. ವೀಸಾದ ಮೇಲೆ ‘ಡಾಯ್ಚ್‌ಲಾಂಡ್’ ಎಂದು ಇರುವುದು ನೀವು ದೀರ್ಘ ಕಾಲ ನೆಲೆಸಲು ಅನುಮತಿ ಇರುವ ದೇಶ ಅದು ಎಂಬ ಕಾರಣಕ್ಕೆ. ಪ್ರವಾಸಿ ವೀಸಾದಲ್ಲಾದರೆ ಆ ಜಾಗದಲ್ಲಿ ‘ಷೆಂಗೆನ್ ದೇಶಗಳು’ ಎಂದಿರುತ್ತದೆ. ಮೈಸೂರಿನವರು ಅದನ್ನೇ ನೋಡಿ ಅಭ್ಯಾಸವಾದವರು ಇರಬೇಕು.

ವೀಸಾ ಆರಂಭವಾಗುವ ದಿನಾಂಕಕ್ಕೆ ಮುಂಚೆ ಮಾತ್ರ ಜ್ಯೂರಿಕ್‌ನಲ್ಲಿ ಇಳಿಯುವಂತಿಲ್ಲ. ನಿಮ್ಮದು ಹಬ್ಬದ ನಂತರವಾದ್ದರಿಂದ ಆ ಚಿಂತೆ ಇಲ್ಲ.

ಇನ್ನು ನಿಜವಾಗಿ ಪ್ರಶ್ನೆ ಬರುವುದು ಎಲ್ಲಿ? ಜ್ಯೂರಿಕ್‌ನಲ್ಲಿ ಅಲ್ಲ, ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ. ‘ವೀಸಾ ಜರ್ಮನಿಯದು, ಇಳಿಯುವುದು ಸ್ವಿಟ್ಜರ್ಲೆಂಡಿನಲ್ಲಿ, ವಾಪಸು ಟಿಕೆಟೂ ಇಲ್ಲ’ ಎಂದು ಅಲ್ಲಿನ ಸಿಬ್ಬಂದಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಹಿಂದೆ ಇದ್ದವರೆಲ್ಲ ಮುಂದೆ ಹೋದರು. ಅವರ ಭಯಕ್ಕೂ ಕಾರಣವಿದೆ: ದಾಖಲೆ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಿಮಾನ ಸಂಸ್ಥೆ ದಂಡ ತೆರಬೇಕು, ಆ ಪ್ರಯಾಣಿಕರನ್ನು ತನ್ನ ಖರ್ಚಿನಲ್ಲಿ ಹಿಂದಕ್ಕೆ ತರಬೇಕು. ಅವರೆಲ್ಲರೂ ನೋಡುವ ಒಂದು ದಾಖಲೆ ವ್ಯವಸ್ಥೆ ಇದೆ, ಹೆಸರು ಟಿಮ್ಯಾಟಿಕ್. ಯಾವ ಪಾಸ್‌ಪೋರ್ಟಿಗೆ, ಯಾವ ವೀಸಾಕ್ಕೆ, ಯಾವ ದೇಶದಲ್ಲಿ ಪ್ರವೇಶ ಎಂಬುದೆಲ್ಲ ಅದರಲ್ಲಿ ಇರುತ್ತದೆ. ‘ಇದು ಜರ್ಮನಿ ಕೊಟ್ಟ ಡಿ ವೀಸಾ, ಹೋಗುವುದು ಕೊನ್‌ಸ್ಟಾಂಜ್‌ಗೆ, ಜ್ಯೂರಿಕ್ ದಾರಿಯಲ್ಲಿ ಸಿಗುವ ನಿಲ್ದಾಣ, ದಯವಿಟ್ಟು ಟಿಮ್ಯಾಟಿಕ್‌ನಲ್ಲಿ ನೋಡಿ’ ಎಂದು ಸಮಾಧಾನವಾಗಿ ಹೇಳಿ. ಅವರಿಗೆ ಗೊತ್ತಾಗದಿದ್ದರೆ ಮೇಲ್ವಿಚಾರಕರನ್ನು ಕರೆಯಲು ಕೇಳಿ. ನನಗೆ ಅಲ್ಲಿ ನೆರವಾದದ್ದು ಇದೊಂದೇ. ಇದಕ್ಕಾಗಿ ಕೌಂಟರು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ನಾಲ್ಕೈದು ಗಂಟೆ ಮೊದಲು ಬಂದು ಕುಳಿತರೂ ನಷ್ಟವಿಲ್ಲ. ಗೋಣಿಕೊಪ್ಪಲಿನಿಂದ ಅದೇ ದಿನ ಹೊರಟು ವಿಮಾನ ಹಿಡಿಯುವ ಯೋಚನೆ ಈ ಮಳೆಗಾಲದಲ್ಲಿ ಬೇಡ. ಒಂದು ಮರ ಬಿದ್ದರೆ ಸಾಕು ರಸ್ತೆ ಮುಚ್ಚಲು. ಹಿಂದಿನ ದಿನವೇ ಮೈಸೂರು ಸೇರಿ, ಅಲ್ಲಿಂದ ವಿಮಾನ ನಿಲ್ದಾಣದೊಳಕ್ಕೇ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿಯಿರಿ.

ಈಗ ಕಾಗದಗಳ ವಿಷಯ. ನನಗೆ ಇದರ ಬಗ್ಗೆ ಉಳಿದವರಿಗಿಂತ ಹೆಚ್ಚು ಕಾಳಜಿ, ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರಿನ ನಮ್ಮ ಮನೆ ಹೋಯಿತು. ಜೀವ ಉಳಿಸಿಕೊಂಡು ಉಟ್ಟ ಬಟ್ಟೆಯಲ್ಲಿ ಬಂದೆವು. ಬೀರುವಿನಲ್ಲಿದ್ದ ಜನನ ಪ್ರಮಾಣಪತ್ರ, ಅಂಕಪಟ್ಟಿ, ತೋಟದ ಪತ್ರ ಎಲ್ಲವೂ ಮಣ್ಣಿನಡಿ ಸೇರಿದವು. ಪರಿಹಾರ ಕೇಂದ್ರದಲ್ಲಿ ಕುಳಿತು ‘ನಾನು ಇಂಥವರ ಮಗಳು’ ಎಂದು ಹೇಳಿಕೊಳ್ಳಲು ಒಂದು ಚೂರು ಕಾಗದವೂ ಇಲ್ಲದ ಸ್ಥಿತಿ ಏನು ಎಂಬುದನ್ನು ಆಗ ಕಂಡೆ. ಒಂದೊಂದನ್ನೂ ಮತ್ತೆ ಮಾಡಿಸಿಕೊಳ್ಳಲು ತಾಲ್ಲೂಕು ಕಚೇರಿ, ಶಾಲೆ, ಪರೀಕ್ಷಾ ಮಂಡಳಿ ಎಂದು ಅಲೆದಿದ್ದೇವೆ. ಅದಕ್ಕೇ ಹೇಳುತ್ತೇನೆ: ನಿಮ್ಮ ಕಾಗದಗಳನ್ನು ಗಂಡನ ಮೊಬೈಲಿನಲ್ಲಿಯೂ ಇಡಬೇಡಿ, ಲಗೇಜಿನ ಪೆಟ್ಟಿಗೆಯಲ್ಲಿಯೂ ಇಡಬೇಡಿ. ಮೊಬೈಲ್ ಸತ್ತರೂ ಪೆಟ್ಟಿಗೆ ತಡವಾದರೂ ನಿಮ್ಮ ಕೈಯಲ್ಲಿ ಉಳಿಯುವಂತೆ ಹೆಗಲ ಚೀಲದಲ್ಲಿ ಒಂದು ಫೈಲು ಮಾಡಿಕೊಳ್ಳಿ.

ಅದರಲ್ಲಿ ಮದುವೆ ನೋಂದಣಿಯ ಮೂಲ ಪ್ರಮಾಣಪತ್ರ ಮತ್ತು ಅದರ ಜರ್ಮನ್ ಅನುವಾದ ಇರಲಿ. ಜನನ ಪ್ರಮಾಣಪತ್ರ, ಪತಿಯ ಬ್ಲೂ ಕಾರ್ಡಿನ ಎರಡೂ ಬದಿಯ ಪ್ರತಿ, ಅವರ ಪಾಸ್‌ಪೋರ್ಟಿನ ಪ್ರತಿ, ಮನೆ ಬಾಡಿಗೆ ಒಪ್ಪಂದ, ಪ್ರಯಾಣದ ಆರೋಗ್ಯ ವಿಮೆ, ಜ್ಯೂರಿಕ್‌ನಿಂದ ಕೊನ್‌ಸ್ಟಾಂಜ್‌ಗೆ ರೈಲು ಟಿಕೆಟ್ ಕೂಡ. ಈ ಕೊನೆಯದು ಸಣ್ಣ ಸಂಗತಿ, ಆದರೆ ‘ನಾನು ಸ್ವಿಟ್ಜರ್ಲೆಂಡಿನಲ್ಲಿ ಉಳಿಯುವವಳಲ್ಲ’ ಎಂಬುದನ್ನು ನೀವು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತದೆ. ಪತಿಯ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದಿಟ್ಟುಕೊಳ್ಳಿ.

ಜ್ಯೂರಿಕ್‌ನಲ್ಲಿ ನನ್ನನ್ನು ಕೇಳಿದ್ದು ಎಲ್ಲಿಗೆ ಹೋಗುತ್ತೀರಿ, ಅಲ್ಲಿ ಯಾರಿದ್ದಾರೆ, ಅವರೇನು ಕೆಲಸ ಮಾಡುತ್ತಾರೆ ಎಂಬುದಷ್ಟೇ. ಇಂಗ್ಲಿಷಿನಲ್ಲೇ ಕೇಳುತ್ತಾರೆ. ಬ್ಲೂ ಕಾರ್ಡಿನ ಪ್ರತಿ ತೋರಿಸಿದೆ, ಮುಗಿಯಿತು. 2025ರ ಅಕ್ಟೋಬರ್ 12ರಂದು ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಇಲ್ಲಿನ ಹೊರಗಡಿಗಳಲ್ಲಿ ಆರಂಭವಾಗಿದೆ. ಅದು ಅಲ್ಪಾವಧಿಗೆ ಬರುವವರಿಗೆ. ಡಿ ವೀಸಾದವರು ಅದರಲ್ಲಿ ನೋಂದಾಯಿಸಿಕೊಳ್ಳಬೇಕಾಗಿಲ್ಲ. ಯಾರಾದರೂ ಯಂತ್ರದ ಸಾಲಿಗೆ ಕಳುಹಿಸಿದರೆ ವೀಸಾ ಪುಟವನ್ನು ತೆರೆದು ತೋರಿಸಿ. ವಿಮಾನದ ಬೋರ್ಡಿಂಗ್ ಪಾಸನ್ನು ಎಸೆಯಬೇಡಿ, ಯಾವ ದಿನ ಬಂದಿರಿ ಎಂದು ಮುಂದೆ ಕೇಳಿದರೆ ಕೆಲಸಕ್ಕೆ ಬರುತ್ತದೆ.

ವೀಸಾ ಚೀಟಿಯ ಕೆಳಭಾಗದಲ್ಲಿ ಟಿಪ್ಪಣಿಯ ಸಾಲುಗಳಿವೆ, ಅದನ್ನು ಓದಿದಿರಾ? ಅಲ್ಲಿ ಉದ್ಯೋಗ ಮಾಡಲು ಅನುಮತಿ ಇದೆ ಎಂಬ ಅರ್ಥದ ಜರ್ಮನ್ ಮಾತು ಇರುತ್ತದೆ, ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್’ ಎಂದು ಆರಂಭವಾಗುವ ಉದ್ದದ ಪದ. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ಇಲ್ಲಿ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ. ಎಷ್ಟೋ ಹುಡುಗಿಯರಿಗೆ ಇದು ಗೊತ್ತೇ ಇರುವುದಿಲ್ಲ. ‘ಗಂಡನ ಜೊತೆ ಇರಲು ಕೊಟ್ಟ ವೀಸಾ’ ಎಂದು ವರ್ಷಗಟ್ಟಲೆ ಮನೆಯಲ್ಲಿ ಕುಳಿತವರನ್ನು ನಾನು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಂಟಿಯಾಗಿ ಹೋಗುವುದು ಬೇಡ ಎಂಬ ಮಾತಿಗೆ ಇಷ್ಟು: ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಿಂತು ತೋಟ ನಡೆಸುತ್ತಾರೆ, ಆನೆ ಬಂದ ರಾತ್ರಿ ಬಾಗಿಲು ಕಾಯುತ್ತಾರೆ. ತನ್ನ ಹೆಸರಿನ ವೀಸಾ ಹಿಡಿದು ಒಂದು ಗಂಟೆ ರೈಲಿನಲ್ಲಿ ಕೂರುವುದಕ್ಕೆ ಅವರನ್ನು ಯಾರೂ ಬಂದು ಕರೆದೊಯ್ಯಬೇಕಾಗಿಲ್ಲ.

ಸಿದ್ದಾಪುರದಿಂದ ಖೋಬಾರ್‌ಗೆ

ಅಕ್ಕ ಹೇಳಿದ ಕಾಗದದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನನ್ನವರು ಸೌದಿಯ ಅಲ್ ಖೋಬಾರ್‌ನಲ್ಲಿದ್ದಾರೆ. ನಾನು ಮೊದಲು ಹೋದದ್ದು ಬಹರೈನ್ ಮೂಲಕ. ಬಹರೈನಿನಿಂದ ಸೌದಿಗೆ ಸಮುದ್ರದ ಮೇಲೆ 25 ಕಿಲೋಮೀಟರಿನ ಕಿಂಗ್ ಫಹದ್ ಸೇತುವೆ ಇದೆ, 1986ರಲ್ಲಿ ತೆರೆದದ್ದು. ನಡುವೆ ಒಂದು ಕೃತಕ ದ್ವೀಪ. ಎರಡೂ ದೇಶದ ಅಧಿಕಾರಿಗಳು ಕೂರುವುದು ಅಲ್ಲೇ. ನಮ್ಮ ದಾರಿಗೂ ನಿಮ್ಮದಕ್ಕೂ ದೊಡ್ಡ ವ್ಯತ್ಯಾಸವೆಂದರೆ ನಮಗೆ ಎರಡು ವೀಸಾ ಬೇಕು. ಸೌದಿಯ ಕುಟುಂಬ ವೀಸಾ ಇದ್ದರೂ ಬಹರೈನಿನ ನೆಲ ತುಳಿಯಲು ಅವರದೇ ಇ-ವೀಸಾ ತೆಗೆಯಬೇಕು. ಯಾರೋ ಗಲ್ಫಿನ ಅನುಭವವನ್ನು ನಿಮ್ಮ ಮೈಸೂರಿನವರಿಗೆ ಹೇಳಿರಲೂಬಹುದು. ಅದನ್ನು ಯುರೋಪಿಗೆ ಅನ್ವಯಿಸಬೇಡಿ, ಅಕ್ಕ ಹೇಳಿದ ಯುರೋಪಿನ ಮಾತು ಕೇಳಿ ಗಲ್ಫಿಗೆ ಹೊರಡುವವರೂ ಮೋಸಹೋಗಬೇಡಿ.

ನಾನು ಹೇಳಬೇಕೆಂದದ್ದು ಬೇರೆ. ಕಲ್ಲಿಕೋಟೆಯಿಂದ ಬಹರೈನಿಗೆ ಇಳಿದೆ, ನನ್ನವರು ಸ್ನೇಹಿತರ ಕಾರು ತಂದಿದ್ದರು. ಹತ್ತಿದ ಕೂಡಲೇ ನನ್ನ ಪಾಸ್‌ಪೋರ್ಟನ್ನು ಅವರೇ ತೆಗೆದುಕೊಂಡು ತಮ್ಮದರ ಜೊತೆ ಇಟ್ಟರು. ದ್ವೀಪದ ಕಿಟಕಿಯಲ್ಲಿ ಕುಳಿತವರು ಕಾರಿನೊಳಗೆ ಬಗ್ಗಿ ನೋಡಿ ಪ್ರಶ್ನೆಯನ್ನು ನನಗೇ ಕೇಳಿದರು: ಎಷ್ಟು ದಿನ ಇರುತ್ತೀರಿ, ವೀಸಾ ಎಂದಿನವರೆಗೆ ಇದೆ. ನಾನು ನನ್ನವರ ಮುಖ ನೋಡಿದೆ. ಅವರು ಹೇಳಹೊರಟರೆ ‘ನೀವಲ್ಲ, ಅವರು ಹೇಳಲಿ’ ಎಂದರು. ನನ್ನದೇ ವೀಸಾದ ದಿನಾಂಕ ನನಗೆ ತಿಳಿಯದೆ ಕುಳಿತ ಆ ಗಳಿಗೆ ಈಗಲೂ ನೆನಪಿದೆ. ತಂಗಿ, ನಿಮ್ಮ ವೀಸಾದ ಪ್ರತಿ ಸಾಲೂ ನಿಮಗೆ ಬಾಯಿಪಾಠ ಇರಲಿ.

ವಿರಾಜಪೇಟೆ ಕಡೆಯವರಿಗೆ ಇನ್ನೊಂದು ಮಾತು. ಕಣ್ಣೂರು ವಿಮಾನ ನಿಲ್ದಾಣ 2018ರ ಕೊನೆಯಲ್ಲಿ ಆರಂಭವಾದ ಮೇಲೆ ಗಲ್ಫಿಗೆ ಹೋಗುವ ನಮಗೆ ಮಾಕುಟ್ಟ ಘಾಟಿ ಇಳಿದರೆ ಆಯಿತು. ಯುರೋಪಿಗೆ ಹೋಗುವವರಿಗೆ ಮಾತ್ರ ಬೆಂಗಳೂರೇ ಅನುಕೂಲ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಮಗಳೇ, ಕಾಗದದ ವಿಷಯ ಇವರೆಲ್ಲ ಹೇಳಿದ್ದಾರೆ. ನಾನು ಲಗೇಜಿನ ವಿಷಯ ಹೇಳುತ್ತೇನೆ. ನನ್ನ ಮಗಳು ಜರ್ಮನಿಯ ಫ್ರೈಬುರ್ಗ್‌ನಲ್ಲಿದ್ದಾಳೆ. ನಾನೂ ಮನೆಯವಳೂ ಜ್ಯೂರಿಕ್ ಮೂಲಕ ಹೋಗಿ ಬಂದಿದ್ದೇವೆ.

ಮೊದಲು ನಿನ್ನ ಅಮ್ಮನಿಗೆ ಹೇಳು, ಹಂದಿ ಮಾಂಸದ ಉಪ್ಪಿನಕಾಯಿ ಬೇಡ. ಒಣಗಿಸಿದ್ದಾಗಲಿ, ಹುರಿದದ್ದಾಗಲಿ, ಎಣ್ಣೆಯಲ್ಲಿ ಮುಳುಗಿಸಿದ್ದಾಗಲಿ, ಮಾಂಸ ಮಾಂಸವೇ. ನಮ್ಮ ದೇಶದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಸ್ವಿಟ್ಜರ್ಲೆಂಡಿಗೂ ತರುವಂತಿಲ್ಲ, ಜರ್ಮನಿಗೂ ತರುವಂತಿಲ್ಲ. ತುಪ್ಪವೂ ಅದರಲ್ಲಿ ಸೇರಿತು. ಪ್ರಾಣಿಗಳ ರೋಗ ಹರಡದಿರಲಿ ಎಂದು ಮಾಡಿದ ಕಾನೂನು ಅದು, ಸ್ವಂತ ಬಳಕೆಗೆ ಎಂದರೂ ಬಿಡುವುದಿಲ್ಲ. ಜ್ಯೂರಿಕ್‌ನಲ್ಲಿ ನಮ್ಮ ಮುಂದಿದ್ದವರ ಪೆಟ್ಟಿಗೆ ತೆರೆಸಿದ್ದನ್ನು ಕಣ್ಣಾರೆ ಕಂಡೆ. ಬಟ್ಟೆಗಳ ನಡುವೆ ಸುತ್ತಿಟ್ಟಿದ್ದ ಡಬ್ಬಿ ನೇರ ಕಸದ ತೊಟ್ಟಿಗೆ ಹೋಯಿತು. ತಾಯಿಯೊಬ್ಬಳು ಒಲೆಯ ಮುಂದೆ ನಿಂತು ಮಾಡಿದ್ದು ಹಾಗೆ ಹೋಗುವುದನ್ನು ನೋಡಿ ನನಗೇ ಸಂಕಟವಾಯಿತು.

ಕಿತ್ತಳೆ ಹಣ್ಣು, ಕರಿಬೇವಿನ ಸೊಪ್ಪು, ಮೆಣಸಿನ ಬಳ್ಳಿಯ ತುಂಡು, ಗಿಡದ ಸಸಿ ಯಾವುದೂ ಬೇಡ. ಹಸಿ ಸಸ್ಯಕ್ಕೆ ರೋಗವಿಲ್ಲ ಎಂಬ ಸರ್ಕಾರಿ ಪ್ರಮಾಣಪತ್ರ ಬೇಕು. ಒಣ ಕರಿಮೆಣಸು, ಏಲಕ್ಕಿ, ಕಡಂಬುಟ್ಟಿನ ಅಕ್ಕಿ ತರಿ ಸ್ವಲ್ಪ ಒಯ್ಯಬಹುದು. ಜೇನುತುಪ್ಪ ಒಬ್ಬರಿಗೆ ಎರಡು ಕಿಲೋವರೆಗೆ. ಕಾಚಂಪುಳಿಗೆ ಮಾಂಸದ ಕಾನೂನು ತಾಗುವುದಿಲ್ಲ, ಆದರೆ ಅದು ದ್ರವ, ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಗೆ ಹಾಕು. ಮುಚ್ಚಳವನ್ನು ಟೇಪಿನಿಂದ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗಿಟ್ಟು ಗಂಟು ಹಾಕು. ಸೋರಿದರೆ ಆ ಕಪ್ಪು ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಪ್ರತಿಯೊಂದರ ಮೇಲೂ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸು.

ಕಾಫಿ ಬಗ್ಗೆ ನಮ್ಮವರಿಗೆ ಗೊತ್ತಿರಬೇಕಾದ ಒಂದು ವಿಷಯ: ಜರ್ಮನಿಯಲ್ಲಿ ಕಾಫಿಗೆಂದೇ ಒಂದು ತೆರಿಗೆ ಇದೆ. ಹುರಿದ ಕಾಫಿಗೆ ಕಿಲೋಗೆ 2.19 ಯೂರೋ. ಬೆಳೆಗಾರನಾಗಿ ಇದನ್ನು ಕೇಳಿದಾಗ ನನಗೆ ಆಶ್ಚರ್ಯವಾಗಿತ್ತು. ಮನೆ ಬಳಕೆಗೆ ಒಂದೆರಡು ಕಿಲೋ ಪುಡಿ ಒಯ್ದರೆ ತೊಂದರೆಯಿಲ್ಲ, ರಾಶಿಗಟ್ಟಲೆ ಪ್ಯಾಕೆಟ್ ಕಟ್ಟಿಕೊಂಡು ನೆಂಟರಿಷ್ಟರಿಗೆಲ್ಲ ಹಂಚಲು ಹೊರಟರೆ ಪ್ರಶ್ನೆ ಬರುತ್ತದೆ. ಸ್ವಿಟ್ಜರ್ಲೆಂಡ್ ಷೆಂಗೆನ್ ಒಳಗಿದ್ದರೂ ಸುಂಕದ ಲೆಕ್ಕದಲ್ಲಿ ಒಕ್ಕೂಟದ ಹೊರಗೇ. ವಿಮಾನದಲ್ಲಿ ನೇರ ಜರ್ಮನಿಗೆ ಬಂದಿಳಿಯುವವರಿಗೆ 430 ಯೂರೋ ಮೌಲ್ಯದವರೆಗಿನ ಸಾಮಾನಿಗೆ ಸುಂಕವಿಲ್ಲ, ಸ್ವಿಟ್ಜರ್ಲೆಂಡಿನಿಂದ ರೈಲಿನಲ್ಲಿ ಬರುವವರಿಗೆ ಆ ಮಿತಿ 300 ಯೂರೋ. ಹಾರಂಗಿ ದಂಡೆಯವರ ಮಾತು ಇಲ್ಲಿಗೆ ಮಾತ್ರ ಸಲ್ಲುತ್ತದೆ.

ಮದುವೆಯ ಚಿನ್ನ, ಪತ್ತಾಕು, ಜೋಮಾಲೆ ಎಲ್ಲವನ್ನೂ ಈ ಸಲ ಒಯ್ಯಬೇಡ. ದಿನವೂ ಧರಿಸುವುದು ಸಾಕು, ಉಳಿದದ್ದು ಬ್ಯಾಂಕಿನ ಲಾಕರಿನಲ್ಲಿ ಇರಲಿ. ಬೆಲೆಬಾಳುವುದನ್ನು ಒಯ್ಯಲೇಬೇಕಾದರೆ ಹೊರಡುವಾಗ ನಮ್ಮ ಕಸ್ಟಮ್ಸ್‌ನವರಿಂದ ಪ್ರಮಾಣಪತ್ರ ಮಾಡಿಸಿಕೊ. ಮುಂದೆ ರಜೆಗೆ ಬರುವಾಗ ‘ಇದು ಇಲ್ಲಿಂದಲೇ ಹೋದದ್ದು’ ಎಂದು ತೋರಿಸಲು ಬೇಕಾಗುತ್ತದೆ.

ಗೋಣಿಕೊಪ್ಪಲಿನವಳು

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಅಂಕಲ್, ಅಮ್ಮನಿಗೆ ನಿಮ್ಮ ಉತ್ತರವನ್ನೇ ಓದಿ ಹೇಳಿದೆ, ಮಾಂಸದ ಡಬ್ಬಿ ಈಚೆ ಬಂತು. ಮಾವನಿಗೂ ಓದಿ ಹೇಳಿದೆ. 2010ರ ನಿಯಮವನ್ನು ಎರಡು ಸಲ ಓದಿಸಿ ಕೇಳಿದರು, ಅರ್ಧ ಒಪ್ಪಿದ್ದಾರೆ.

ಅಕ್ಕ, ವೀಸಾದ ಟಿಪ್ಪಣಿಯಲ್ಲಿ ನೀವು ಹೇಳಿದ ಉದ್ದದ ಪದ ಇದೆ. ನಾನು ಬಿ.ಎಡ್. ಮಾಡಿದವಳು, ಇಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅದು ಅಷ್ಟಕ್ಕೇ ಮುಗಿಯಿತು ಎಂದು ತಿಳಿದಿದ್ದೆ.

ಇನ್ನೂ ಒಂದು ಸಂದೇಹ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಜೊತೆ ತವರಿನ ಮನೆಹೆಸರು ಇದೆ. ಮದುವೆಯ ನಂತರ ಒಕ್ಕ, ಅಂದರೆ ಮನೆತನ, ಬದಲಾಗಿದೆ, ಮದುವೆಯ ಕಾಗದದಲ್ಲಿ ಎರಡೂ ಮನೆಹೆಸರುಗಳಿವೆ. ಟಿಕೆಟಿನಲ್ಲಿ ಗಂಡನ ಮನೆಹೆಸರು ಹಾಕಿಸೋಣ ಎಂದು ಇಲ್ಲಿ ಹೇಳುತ್ತಿದ್ದಾರೆ. ಹಾಕಿಸಬಹುದೇ? ಜ್ಯೂರಿಕ್‌ನಲ್ಲಿ ಇಳಿದ ಮೇಲೆ ರೈಲು ಹುಡುಕುವುದು ಕಷ್ಟವೇ? ಆ ದಿನ ಗಂಡನಿಗೆ ಕೆಲಸವಿದೆ, ಕೊನ್‌ಸ್ಟಾಂಜ್ ನಿಲ್ದಾಣಕ್ಕೆ ಮಾತ್ರ ಬರಬಲ್ಲರು.

ಮಕ್ಕಂದೂರಿನ ಅಕ್ಕ

ಟಿಕೆಟಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು, ಒಂದಕ್ಷರವೂ ಆಚೀಚೆ ಆಗಬಾರದು. ವೀಸಾ ಕೊಟ್ಟಿರುವುದು ಆ ಹೆಸರಿಗೆ, ಆ ಪಾಸ್‌ಪೋರ್ಟಿಗೆ. ಹೆಸರು ಬದಲಿಸುವ ಯೋಚನೆ ಇದ್ದರೂ ಈಗ ಕೈಹಾಕಬೇಡಿ, ಇಲ್ಲಿನ ನಿವಾಸದ ಕಾರ್ಡು ಸಿಗುವವರೆಗೆ ಪಾಸ್‌ಪೋರ್ಟ್ ಹೀಗೇ ಇರಲಿ. ಎರಡು ಮನೆಹೆಸರುಗಳ ನಂಟನ್ನು ತೋರಿಸಲು ಮದುವೆಯ ಪ್ರಮಾಣಪತ್ರ ಸಾಕು. ಮನೆಹೆಸರು ಮೊದಲು ಬರುವ ನಮ್ಮ ಪದ್ಧತಿ ಇಲ್ಲಿಯವರಿಗೆ ಹೊಸದು, ಯಾವುದು ನಿಮ್ಮ ಹೆಸರು, ಯಾವುದು ಮನೆಯದು ಎಂದು ಪ್ರತಿ ಕಚೇರಿಯಲ್ಲೂ ಒಮ್ಮೆ ಹೇಳಬೇಕಾಗುತ್ತದೆ. ಅರ್ಜಿಗಳಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಯಾವ ಕಡೆ ಯಾವುದಿದೆಯೋ ಹಾಗೇ ತುಂಬಿಸಿ.

ರೈಲು ಕಷ್ಟವೇನಿಲ್ಲ. ನಿಮ್ಮ ವಿಮಾನ ‘ಇ’ ಭಾಗದಲ್ಲಿ ನಿಂತರೆ ಮುಖ್ಯ ಕಟ್ಟಡಕ್ಕೆ ನೆಲದಡಿಯ ಪುಟ್ಟ ರೈಲಿನಲ್ಲಿ ಬರಬೇಕು. ಹೊರಟ ಕೂಡಲೇ ಅದರೊಳಗೆ ಹಸುವಿನ ಕೊರಳಗಂಟೆಯ ಸದ್ದು ಕೇಳಿಸುತ್ತಾರೆ, ಗಾಬರಿಯಾಗಬೇಡಿ, ಅದು ಅವರ ಸ್ವಾಗತ. ಪಾಸ್‌ಪೋರ್ಟ್ ತಪಾಸಣೆ, ಪೆಟ್ಟಿಗೆ, ಸುಂಕದ ಬಾಗಿಲು ದಾಟಿ ಹೊರಬಂದರೆ ರೈಲು ನಿಲ್ದಾಣ ಅದೇ ಆವರಣದ ನೆಲದಡಿಯಲ್ಲಿದೆ. ಫಲಕದಲ್ಲಿ ಕೊನ್‌ಸ್ಟಾಂಜ್ ಎಂದಿರುವ ರೈಲು ಗಂಟೆಗೊಂದು ಇದೆ, ‘ಐಆರ್ 75’ ಎಂದು ಅದರ ಗುರುತು. ವಿಂಟರ್‌ಟೂರ್, ಫ್ರಾವನ್‌ಫೆಲ್ಡ್, ವೈನ್‌ಫೆಲ್ಡನ್ ದಾಟಿ ಕ್ರಾಯ್ಟ್ಸ್‌ಲಿಂಗನ್ ಬರುತ್ತದೆ, ಅದು ಸ್ವಿಟ್ಜರ್ಲೆಂಡಿನ ಕೊನೆಯ ಊರು. ಅಲ್ಲಿ ಇಳಿಯಬೇಡಿ. ವಿಮಾನ ತಡವಾದರೆ ತೊಂದರೆಯಾಗದಂತೆ ಒಂದೇ ನಿಗದಿತ ರೈಲಿಗೆ ಸಲ್ಲುವ ಅಗ್ಗದ ಟಿಕೆಟ್ ಬಿಟ್ಟು ಆ ದಿನದ ಯಾವ ರೈಲಿಗಾದರೂ ಸಲ್ಲುವುದನ್ನು ತೆಗೆಸಿ. ಟಿಕೆಟ್ ಇಲ್ಲದೆ ಹತ್ತಬೇಡಿ, ಒಳಗೆ ತಪಾಸಣೆ ಇದೆ.

ಕ್ರಾಯ್ಟ್ಸ್‌ಲಿಂಗನ್ ಮತ್ತು ಕೊನ್‌ಸ್ಟಾಂಜ್ ಎಂದರೆ ನಮ್ಮ ಕುಶಾಲನಗರ ಮತ್ತು ಕೊಪ್ಪ ಇದ್ದ ಹಾಗೆ. ಒಂದು ಮುಗಿಯುವುದರೊಳಗೆ ಇನ್ನೊಂದು ಆರಂಭ, ನಡುವೆ ಹೊಳೆಯೂ ಇಲ್ಲ ಅಷ್ಟೇ. ಸರೋವರದ ದಂಡೆಯಲ್ಲಿ ಎರಡೂ ಊರುಗಳ ನಡುವೆ ಇದ್ದ ತಂತಿ ಬೇಲಿಯನ್ನು 2006ರಲ್ಲಿ ಕಿತ್ತು, ಗಡಿಯ ಗೆರೆಯ ಮೇಲೆ 22 ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ಸಂಜೆ ವಾಯುವಿಹಾರಕ್ಕೆ ಹೋಗಿ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಿಲ್ಲಬಹುದು. ಹಾಗೆಂದು ರೈಲಿನಲ್ಲಿ ಮೈಮರೆಯಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ನೆಲಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಇಟ್ಟಿದೆ. ಪೊಲೀಸರು ಬಂದು ಪಾಸ್‌ಪೋರ್ಟ್ ಕೇಳಬಹುದು, ಸುಂಕದವರು ಪೆಟ್ಟಿಗೆಯಲ್ಲೇನಿದೆ ಎನ್ನಬಹುದು. ಪಾಸ್‌ಪೋರ್ಟನ್ನು ಜ್ಯೂರಿಕ್‌ನಲ್ಲಿಯೇ ಚೀಲದ ತಳಕ್ಕೆ ಸೇರಿಸಿಬಿಡಬೇಡಿ.

ನಿಮ್ಮ ಪತಿ ಕೊನ್‌ಸ್ಟಾಂಜ್ ನಿಲ್ದಾಣಕ್ಕೆ ಬಂದರೆ ಸಾಕು. ಅವರಿಗೆ ಈಗಲೇ ಒಂದು ಕೆಲಸ ಹೇಳಿ: ಮನೆ ಮಾಲೀಕರಿಂದ ನೀವೂ ಆ ಮನೆಯಲ್ಲಿ ವಾಸವಿರುತ್ತೀರಿ ಎಂದು ಸಹಿ ಮಾಡಿದ ಪತ್ರ ತೆಗೆದಿಡಬೇಕು. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಆ ಪತ್ರವಿಲ್ಲದೆ ಅದು ಆಗುವುದಿಲ್ಲ. ವಿಳಾಸ ನೋಂದಣಿ ಇಲ್ಲದಿದ್ದರೆ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ನಿವಾಸದ ಕಾರ್ಡು ಎಲ್ಲವೂ ನಿಂತುಬಿಡುತ್ತವೆ. ಕಚೇರಿಯ ಸಮಯಕ್ಕೆ ಮುಂಗಡ ಕಾಯ್ದಿರಿಸಬೇಕಾಗುವುದರಿಂದ ನೀವು ವಿಮಾನ ಹತ್ತುವ ಮೊದಲೇ ಅವರು ದಿನ ಗೊತ್ತುಮಾಡಲಿ. ವಿದೇಶಿಯರ ಕಚೇರಿಯಲ್ಲಿ ವೀಸಾ ಅವಧಿ ಮುಗಿಯುವುದರೊಳಗೆ ಕಾರ್ಡಿಗೆ ಅರ್ಜಿ ಹಾಕಬೇಕು, ಆ ಅರ್ಜಿಗೆ ನೀವೇ ಸಹಿ ಮಾಡುವವರು, ಓದಿ ಮಾಡಿ.

ಬ್ಲೂ ಕಾರ್ಡಿನವರ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಕಡ್ಡಾಯವಲ್ಲ ಎಂದು ನೀವು ಕಲಿಯದೆಯೇ ಬರುತ್ತಿರಬಹುದು. ಬಿ.ಎಡ್. ಆದ ನಿಮಗೆ ಇಲ್ಲಿ ಶಾಲೆಯ ಕೆಲಸ ಬೇಕಾದರೆ ಭಾಷೆ ಬೇಕೇ ಬೇಕು. ನಿಮ್ಮ ಪದವಿಗೆ ಇಲ್ಲಿ ಮಾನ್ಯತೆ ಪಡೆಯುವ ಕ್ರಮವೂ ಬೇರೆಯಿದೆ, ಅದಕ್ಕೆ ಎಲ್ಲ ವರ್ಷಗಳ ಅಂಕಪಟ್ಟಿಗಳ ಮೂಲ ಪ್ರತಿ ಕೇಳುತ್ತಾರೆ. ಇಷ್ಟು ದಿನ ಪಾಠ ಮಾಡಿದ ಶಾಲೆಯಿಂದ ಅನುಭವ ಪತ್ರವನ್ನೂ ಈಗಲೇ ಬರೆಸಿಕೊಳ್ಳಿ. ಅಲ್ಲಿಂದ ಹೊರಟ ಮೇಲೆ ಅದನ್ನು ತರಿಸುವುದು ಕಷ್ಟ. ಊರಿನ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಜರ್ಮನ್ ತರಗತಿಗಳು ನಡೆಯುತ್ತವೆ. ಹೊಸ ತಂಡ ಯಾವಾಗ ಆರಂಭವಾಗುತ್ತದೆ ಎಂಬುದನ್ನು ನಾನು ವಿಚಾರಿಸಿ ಇಲ್ಲಿಯೇ ಬರೆಯುತ್ತೇನೆ.